ಬಿಟ್ಟ ಪಾಠ, ಮರಳಿದ ದಾರಿ

ಸ್ವಾತಂತ್ರ್ಯ ಹೋರಾಟಗಾರರ ಬದುಕನ್ನು ಬರೆಯುವಾಗ ‘ಓದು ಬಿಟ್ಟು ಚಳವಳಿಗೆ ಧುಮುಕಿದರು’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತೇವೆ. ಬಿಟ್ಟ ಓದನ್ನು ಮತ್ತೆ ಹಿಡಿದದ್ದು ಹೇಗೆ ಎಂದು ಯಾರೂ ಹೆಚ್ಚು ಕೇಳುವುದಿಲ್ಲ. ಬಿಟ್ಟದ್ದು ಭೌತಶಾಸ್ತ್ರವೋ ಗಣಿತವೋ ಆಗಿದ್ದರೆ ಈ ಪ್ರಶ್ನೆಗೆ ತೂಕ ಹೆಚ್ಚು. ಕಾವ್ಯವನ್ನು ಜೈಲಿನಲ್ಲೂ ಓದಬಹುದು. ಪ್ರಯೋಗಾಲಯವನ್ನು ಅಲ್ಲಿಗೆ ಹೊತ್ತೊಯ್ಯಲಾಗದು.

ಎಚ್. ನರಸಿಂಹಯ್ಯನವರು ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದಾಗ 1942ರ ‘ಭಾರತ ಬಿಟ್ಟು ತೊಲಗಿ’ ಕರೆ ಬಂತು. ತರಗತಿ ಬಿಟ್ಟರು, ಜೈಲು ಸೇರಿದರು. ಹೊರಬಂದ ಮೇಲೆ ಮತ್ತೆ ಓದಿಗೆ ಕೂತು ಆನರ್ಸ್ ಮುಗಿಸಿ, 1946ರಲ್ಲಿ ಎಂ.ಎಸ್ಸಿ. ಪಡೆದು, ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟರಾದರು.

ಕೇಳಲು ಸರಳ. ಆದರೆ ಈ ವಿಷಯಗಳ ಕಟ್ಟಡವೇ ಬೇರೆ. ಮೊಗಲರನ್ನು ಮರೆತವನು ಮರಾಠರ ಅಧ್ಯಾಯವನ್ನು ಹೇಗೋ ಓದಿಯಾನು. ಇಲ್ಲಿ ಹಾಗಾಗದು. ಲೋಲಕದ ತೂಗಾಟವನ್ನೇ ನೋಡಿ. ಅದು ನಡುವಿನಿಂದ ಎಷ್ಟು ದೂರ ಸರಿಯುತ್ತದೋ ಅಷ್ಟೇ ಬಲವಾಗಿ ಹಿಂದಕ್ಕೆ ಎಳೆಯಲ್ಪಡುತ್ತದೆ ಎಂಬುದು ಮಾತಿನಲ್ಲಿ ಮಗುವಿಗೂ ಅರ್ಥವಾಗುತ್ತದೆ. ಅದನ್ನು ಸಮೀಕರಣವಾಗಿ ಬರೆದು ಬಿಡಿಸಲು ಕಲನಶಾಸ್ತ್ರ ಬೇಕು, ಅದಕ್ಕೆ ತ್ರಿಕೋನಮಿತಿ ಬೇಕು, ಅದಕ್ಕೆ ಬೀಜಗಣಿತ ಕೈಗೆ ಹತ್ತಿರಬೇಕು. ಕೆಳಗಿನ ಒಂದು ಮೆಟ್ಟಿಲು ಸವೆದಿದ್ದರೂ ಮೇಲಿನ ಅಲೆ, ಶಬ್ದ, ಬೆಳಕು ಎಲ್ಲವೂ ಜಾರುತ್ತವೆ. ಆದ್ದರಿಂದ ಮರಳುವವನು ಬಿಟ್ಟ ಪುಟದಿಂದಲ್ಲ, ಅದಕ್ಕೂ ಹಿಂದಿನಿಂದ ಶುರುಮಾಡಬೇಕು. ಅದೂ ಓದಿಕೊಂಡಲ್ಲ, ಲೆಕ್ಕ ಮಾಡಿಕೊಂಡು. ಓದಿದರೆ ಎಲ್ಲ ನೆನಪಿದ್ದಂತೆಯೇ ಅನಿಸುತ್ತದೆ. ಬಿಳಿ ಹಾಳೆಯ ಮುಂದೆ ಕೂತಾಗ ಬಣ್ಣ ಬಯಲಾಗುತ್ತದೆ.

ಅವರು ತರಗತಿಯಿಂದ ದೂರವಿದ್ದಾಗ ವಿಷಯವೂ ಸುಮ್ಮನಿರಲಿಲ್ಲ. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಫರ್ಮಿಯ ತಂಡ ಪರಮಾಣು ಸರಪಳಿ ಕ್ರಿಯೆಯನ್ನು ಗುಟ್ಟಾಗಿ ಸಾಧಿಸಿತು. 1945ರ ಆಗಸ್ಟಿನಲ್ಲಿ ಹಿರೋಶಿಮಾದ ಮೂಲಕ ಜಗತ್ತಿಗೆ ಅದು ಗೊತ್ತಾಯಿತು. ನರಸಿಂಹಯ್ಯನವರು ವರ್ಷಗಟ್ಟಲೆ ಪಾಠ ಹೇಳಿದ ಮೇಲೆ ಮತ್ತೊಮ್ಮೆ ವಿದ್ಯಾರ್ಥಿಯಾಗಿ ಅಮೆರಿಕಕ್ಕೆ ಹೋಗಿ, 1960ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದು ಪರಮಾಣು ಬೀಜ ಭೌತಶಾಸ್ತ್ರದಲ್ಲೇ. ನನ್ನ ಕಣ್ಣಿಗೆ ಜೈಲಿಗಿಂತ ಈ ಎರಡನೆಯ ಮರಳುವಿಕೆಯೇ ದೊಡ್ಡದು. ಮೇಷ್ಟರ ಕುರ್ಚಿಯಿಂದೆದ್ದು ಬೆಂಚಿಗೆ ಹೋಗಿ ಕೂರುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಆದರೆ ಅವರಿಗೆ ಮರಳಲು ಒಂದು ಕಾಲೇಜು ಇತ್ತು. ನಮ್ಮ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕತೆ ಹಾಗಿರಲಿಲ್ಲ. ಉತ್ತರ ಕನ್ನಡ 1862ರಲ್ಲೇ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪಕ್ಕದ ಸಾಗರ ಮೈಸೂರು ಸಂಸ್ಥಾನದ್ದು, ಅಲ್ಲಿಯವರಿಗೆ ಮೈಸೂರು ವಿಶ್ವವಿದ್ಯಾಲಯ. ಸಿದ್ದಾಪುರದವರಿಗೆ ದೂರದ ಮುಂಬಯಿ ವಿಶ್ವವಿದ್ಯಾಲಯ. ಪುಣ್ಯಕ್ಕೆ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಿತ್ತು. ಶಿರಸಿಯಿಂದ ಅದು ನೂರು ಕಿಲೋಮೀಟರಿಗೂ ಆಚೆ. ಯಲ್ಲಾಪುರಕ್ಕೆ ಸ್ವಲ್ಪ ಹತ್ತಿರ, ಅಷ್ಟೇ. ರೈಲಂತೂ ಶಿರಸಿಗೆ ಇವತ್ತಿಗೂ ಬಂದಿಲ್ಲ.

ಇದರ ಮೇಲೆ 1930ರ ದಶಕದ ಆರಂಭದ ಕರನಿರಾಕರಣೆ. ಸಿದ್ದಾಪುರ, ಅಂಕೋಲೆಗಳ ರೈತರು ಕಂದಾಯ ಕೊಡದೆ ಜಮೀನು ಕಳೆದುಕೊಂಡರು. ಆ ಸತ್ಯಾಗ್ರಹದ ಹೆಣ್ಣುಮಕ್ಕಳ ನೆನಪಿಗೆ ಮಾವಿನಗುಂಡಿಯಲ್ಲಿ ಸ್ಮಾರಕವಿದೆ. ತೋಟವೇ ಜಪ್ತಿಯಾದ ಮನೆಯ ಹುಡುಗನಿಗೆ ಬೀಜಗಣಿತ ನೆನಪಿತ್ತೋ ಇಲ್ಲವೋ ಎಂಬುದು ಆಮೇಲಿನ ಮಾತು. ಧಾರವಾಡದ ಊಟ, ವಸತಿ, ಫೀಸಿನ ದುಡ್ಡು ಹುಟ್ಟುವುದೆಲ್ಲಿಂದ?

ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಅದೂ ಮುಂಬಯಿಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಬಂತು. ಶಿರಸಿಯಲ್ಲೇ ಎಂ.ಎಂ. ಕಲಾ ಮತ್ತು ವಿಜ್ಞಾನ ಕಾಲೇಜು ತೆರೆದದ್ದು ಇನ್ನೂ ತಡವಾಗಿ. ಅಷ್ಟರಲ್ಲಿ ಕರನಿರಾಕರಣೆಯ ಕಾಲದ ಹುಡುಗರು ತಮ್ಮ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ವಯಸ್ಸಿಗೆ ಬಂದಿದ್ದರು.