ಅಣಬೆಯೂ ಮಿತಾಕ್ಷರೆಯೂ

ವಾಡಿ ಜಂಕ್ಷನ್ನಿನಿಂದ ಕಲಬುರಗಿಯ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಶಹಾಬಾದನ್ನು ದಾಟಿದೊಡನೆ ಮರ್ತೂರು ಎಂಬ ಸಣ್ಣ ನಿಲ್ದಾಣ ಸಿಕ್ಕುತ್ತದೆ. ಹಾಸುಗಲ್ಲಿನ ಸೀಮೆಯಾದ ಅಲ್ಲಿ ಇಳಿಯುವವರು ಕಡಮೆ. ಆದರೆ ಹಿಂದೂಗಳ ಆಸ್ತಿವಿಭಾಗವನ್ನು ಎಂಟುನೂರು ವರ್ಷಕ್ಕೂ ಮೇಲ್ಪಟ್ಟು ಆಳಿದ ಮಿತಾಕ್ಷರೆಯ ಕರ್ತೃ ವಿಜ್ಞಾನೇಶ್ವರನು ಈ ಊರಿನವನೆಂದು ಪ್ರತೀತಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಆತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ಆ ಗ್ರಂಥ. ಅದರ ಆಸ್ತಿಯ ಪ್ರಕರಣವನ್ನು 1810ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ತಂದನು; ನ್ಯಾಯವಾದಿಗಳು ಆ ಭಾಗವನ್ನು ಕಂಠಪಾಠ ಮಾಡಿದರು. ಮೊದಲಿನ ಆಚಾರಾಧ್ಯಾಯವನ್ನು ತಿರುವಿ ನೋಡಿದವರು ವಿರಳ.

ಅಲ್ಲಿ ತಿನ್ನಬಾರದ ಪದಾರ್ಥಗಳ ಒಂದು ಪಟ್ಟಿಯಿದೆ. ಈರುಳ್ಳಿ, ಬೆಳ್ಳುಳ್ಳಿ, ಊರುಹಂದಿ, ಊರುಕೋಳಿ; ಇವುಗಳ ನಡುವೆ ಅಣಬೆ. ತಿಂದವನಿಗೆ ಚಾಂದ್ರಾಯಣವ್ರತವೇ ಪ್ರಾಯಶ್ಚಿತ್ತ: ಒಂದು ತಿಂಗಳು ಚಂದ್ರನ ವೃದ್ಧಿಕ್ಷಯಗಳನ್ನು ಅನುಸರಿಸಿ ತುತ್ತುಗಳನ್ನು ಏರಿಸಬೇಕು, ಇಳಿಸಬೇಕು. ಮನುಸ್ಮೃತಿಯ ಮಾತೂ ಇದೇ. ಸೇಡಮ್ಮಿಗೆ ಸಮೀಪದ ಮಳಖೇಡದಲ್ಲಿ, ಎಂದರೆ ನೃಪತುಂಗನ ಮಾನ್ಯಖೇಟದಲ್ಲಿ, ಬಲವಾಗಿ ಬೇರೂರಿದ್ದ ಜೈನಧರ್ಮವೂ ಅಸಂಖ್ಯ ಜೀವಿಗಳ ಆಶ್ರಯವೆಂದು ಅಣಬೆಯನ್ನು ವರ್ಜಿಸುತ್ತದೆ. ಹೀಗೆ ಎರಡು ರಾಜಧಾನಿಗಳ ಶಾಸ್ತ್ರವೂ ಈ ಬಡ ಕೊಡೆಯ ಮೇಲೆ ಬಿದ್ದಿತು.

ಆದರೆ ಯಾರೂ ತಿನ್ನದ ವಸ್ತುವಿಗೆ ಪ್ರಾಯಶ್ಚಿತ್ತವನ್ನು ಯಾರು ತಾನೆ ವಿಧಿಸುತ್ತಾರೆ? ನಿಷೇಧವೇ ಬಳಕೆಗೆ ಸಾಕ್ಷಿಯೆಂದು ನಾವು ತಿಳಿಯುತ್ತೇವೆ. ಅದೇ ಪಟ್ಟಿಯ ಈರುಳ್ಳಿ ಇಂದು ಎಷ್ಟು ಶಿಷ್ಟರ ಮನೆಯ ಸಾರಿನಲ್ಲಿಲ್ಲ! ಚಾಂದ್ರಾಯಣ ಮಾಡಿದವರನ್ನು ನಾವು ಕಾಣೆವು. ಅಣಬೆ ಮಾತ್ರ ನಮ್ಮ ಬಾಲ್ಯದ ಅಡಿಗೆಮನೆಯ ಹೊಸ್ತಿಲನ್ನು ದಾಟಲಿಲ್ಲ. ಅದು ನಾಯಿಕೊಡೆ, ಮುಟ್ಟಿದರೂ ಕೈತೊಳೆಯಬೇಕು.

ವೈದ್ಯರು ಧರ್ಮಶಾಸ್ತ್ರಜ್ಞರಷ್ಟು ಕಠಿಣರಾಗಿರಲಿಲ್ಲ. ಚರಕಸಂಹಿತೆ ಸರ್ಪಚ್ಛತ್ರಕವೊಂದನ್ನು ಪ್ರತ್ಯೇಕಿಸಿ, ಉಳಿದ ಛತ್ರಜಾತಿಗಳು ಶೀತ, ಮಧುರ, ಜೀರ್ಣಕ್ಕೆ ಭಾರ, ನೆಗಡಿಯನ್ನು ತರತಕ್ಕವು ಎನ್ನುತ್ತದೆ. ಸುಶ್ರುತಸಂಹಿತೆ ಇನ್ನೂ ಸೂಕ್ಷ್ಮವಾಗಿ ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ ಎಂದು ಹುಟ್ಟಿದ ಎಡೆಯಿಂದಲೇ ವಿಂಗಡಿಸಿ ಒಂದೊಂದರ ಗುಣವನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಅಣಬೆಯ ಬಣ್ಣವನ್ನಲ್ಲ, ಅದು ಎದ್ದ ನೆಲವನ್ನು ಮೊದಲು ನೋಡು ಎಂಬ ಈ ಕ್ರಮ ಹಳ್ಳಿಯ ಹೆಂಗಸರ ಕ್ರಮವೇ ಆಗಿದೆ.

ಅವರಿಗೆ ಶ್ರೇಷ್ಠವಾದದ್ದು ಹುತ್ತದ ಅಣಬೆ. ಮೊದಲ ಮಳೆಗಳ ಗುಡುಗಿಗೆ ಅದು ಏಳುತ್ತದೆಂದು ಜನ ನಂಬುತ್ತಾರೆ. ವಾಸ್ತವವಾಗಿ ಅದು ಗೆದ್ದಲಿನ ಬೇಸಾಯ. ಗೆದ್ದಲು ಒಣಕಡ್ಡಿ ಎಲೆಗಳನ್ನು ತಿಂದು, ಆ ಮಲದಿಂದ ನೆಲದೊಳಗೆ ಜೇನುಹಟ್ಟಿಯಂತಹ ತಟ್ಟೆಗಳನ್ನು ಕಟ್ಟಿ, ಅವುಗಳಲ್ಲಿ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತದೆ. ಮಳೆಗೆ ನೆಲ ನೆನೆದಾಗ ಅದೇ ಶಿಲೀಂಧ್ರ ನೀಳವಾದ ಬೇರಿನಂತಹ ಕಾಲನ್ನು ಚಾಚಿ ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಹುತ್ತದೊಳಗಿನ ಈ ತೋಟವನ್ನು ಕೋನಿಗ್ ಎಂಬ ವಿದ್ವಾಂಸನು ತಂಜಾವೂರಿನಲ್ಲಿ ಕಂಡು 1779ರಲ್ಲಿ ವರ್ಣಿಸಿದನು. ಫ್ರಾನ್ಸಿನ ರೋಜೆ ಹೈಮನು 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟನು. ಗೆದ್ದಲಿಗೆ ಸಾಧ್ಯವಾದ ಆ ಬೇಸಾಯ ಮಾರಾಟದ ಮಟ್ಟದಲ್ಲಿ ಮನುಷ್ಯನಿಗೆ ಇನ್ನೂ ಕೈಗೂಡಿಲ್ಲ.

ಚಿಂಚೋಳಿಯ ಕಾಡಂಚಿನ ಒಂದು ತಾಂಡಾದಲ್ಲಿ ಮುದುಕಿಯೊಬ್ಬಳು ನಮಗೆ ಸೆರಗಿನಲ್ಲಿ ಕಟ್ಟಿ ತಂದ ಅಣಬೆಯನ್ನು ತೋರಿಸಿದಳು. ಹತ್ತು ಮಾರು ಆಚೆ, ಬೇಲಿಯ ಬುಡದಲ್ಲಿ, ನಮ್ಮ ಕಣ್ಣಿಗೆ ಅವೇ ಎನಿಸುವ ಬಿಳಿಯ ಕೊಡೆಗಳು ಇನ್ನಷ್ಟು ಇದ್ದವು. ಏಕೆ ಬಿಟ್ಟೆ ಎಂದು ಕೇಳಿದೆವು. "ಈ ಹುತ್ತ ನಮ್ಮತ್ತಿ ತೋರ್ಸಿದ್ದು. ಅದು ನಂಗ ಗೊತ್ತಿಲ್ರಿ, ಮುಟ್ಟಂಗಿಲ್ಲ" ಎಂದಳು.

ಆ "ಗೊತ್ತಿಲ್ಲ" ಎಂಬ ಮಾತಿನ ಬೆಲೆ ನಗರವಾಸಿಗಳಾದ ನಮಗೆ ತಿಳಿಯದು. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ನಿರ್ವಿಷ, ಹುಳು ತಿಂದದ್ದು ಮನುಷ್ಯನಿಗೂ ಹಿತ, ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಪರೀಕ್ಷೆಗಳೆಲ್ಲ ಸುಳ್ಳು. ಅಮಾನಿಟ ಕುಲದ ಘೋರವಾದ ಅಣಬೆಗಳ ವಿಷ ಕುದಿಯುವ ನೀರಿಗೂ ಅಳಿಯುವುದಿಲ್ಲ. ತಿಂದ ಆರು ಗಂಟೆಗಳವರೆಗೆ, ಹಲವು ವೇಳೆ ಅದಕ್ಕೂ ಹೆಚ್ಚು ಕಾಲ, ಯಾವ ತೊಂದರೆಯೂ ತೋರದು; ಅನಂತರ ವಾಂತಿಭೇದಿ; ಅದು ತಗ್ಗಿ ರೋಗಿ ಚೇತರಿಸಿದನೆಂದು ಮನೆಯವರು ಸಮಾಧಾನ ಪಡುವ ಹೊತ್ತಿಗೆ ಒಳಗೆ ಯಕೃತ್ತು ನಾಶವಾಗುತ್ತಿರುತ್ತದೆ. ಕೈಫೋನಿನ ಚಿತ್ರವನ್ನು ಹೋಲಿಸಿ ಅಣಬೆ ಕೀಳುವ ಯುವಕರಿಗೆ ಇದನ್ನು ಹೇಳಲೇಬೇಕು. ಶಂಕೆಯುಂಟಾದರೆ ಉಳಿದ ಅಣಬೆಯನ್ನು ಕೈಯಲ್ಲಿ ಹಿಡಿದು ತಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು.

ಮುದುಕಿಯ ವಿದ್ಯೆ ಒಂದು ಹುತ್ತಕ್ಕೆ, ಒಂದು ಬದುವಿಗೆ ಕಟ್ಟುಬಿದ್ದದ್ದು. ಹುತ್ತ ಹೋದರೆ ಅದೂ ಹೋಗುತ್ತದೆ. ಶಹಾಬಾದು, ವಾಡಿಗಳ ಸುತ್ತ ಸುಣ್ಣಗಲ್ಲನ್ನು ಹಾಸುಗಲ್ಲಿಗಾಗಿಯೂ ಸಿಮೆಂಟಿಗಾಗಿಯೂ ತೆಗೆಯುವಾಗ ಮೊದಲು ಸರಿಸುವುದು ಮೇಲ್ಮಣ್ಣನ್ನೇ. ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿಧಾಮವಾಗಿದೆ. ಅಲ್ಲಿ ಹುತ್ತಗಳು ಉಳಿದುವು. ಆದರೆ 1972ರ ವನ್ಯಜೀವಿ ಕಾಯಿದೆಯಂತೆ ಧಾಮದೊಳಗಿನ ಅರಣ್ಯೋತ್ಪನ್ನವನ್ನು ಅನುಮತಿಯಿಲ್ಲದೆ ತೆಗೆಯುವಂತಿಲ್ಲ. ಕಾಡಿಗೆ ಇದು ಹಿತವೇ ಸರಿ; ಆದರೂ ಯಾಜ್ಞವಲ್ಕ್ಯನ ಪಟ್ಟಿ ಎಂದೂ ಮುಟ್ಟದ ಹೆಂಗಸರನ್ನು ಈ ಹೊಸ ಸ್ಮೃತಿ ಮುಟ್ಟಿತು. ಆ ಮುದುಕಿ ಈಗ ಹುಡುಕುವುದು ಧಾಮದ ಹೊರಗೆ, ತೊಗರಿ ಹೊಲಗಳ ಬದುಗಳಲ್ಲಿ. ಅಂದು ಅವಳ ಸೊಸೆಯೂ ಜೊತೆಗಿದ್ದಳು.