ಬರ್ಡ್, ಏಡ್ರಿಯನ್ ಪೀಟರ್

1947-. ಬ್ರಿಟನ್ನಿನ ಅಣುಜೀವವಿಜ್ಞಾನಿ. ಕಶೇರುಕ ಪ್ರಾಣಿಗಳ ಡಿಎನ್‌ಎಯಲ್ಲಿ ಮೀಥೈಲ್ ಗುಂಪುಗಳು ಎಲ್ಲೆಲ್ಲಿ ನೆಲೆಸಿವೆ, ಎಲ್ಲೆಲ್ಲಿ ಇಲ್ಲ ಎಂಬುದನ್ನು ವಿಶದಪಡಿಸಿ, ಆ ಗುರುತುಗಳನ್ನು ಓದಬಲ್ಲ ಪ್ರೋಟೀನುಗಳನ್ನು ಕಂಡುಹಿಡಿದು, ಅಂಥದೊಂದು ಪ್ರೋಟೀನಿನ ಅಭಾವದಿಂದ ಉದ್ಭವಿಸುವ ನರವ್ಯಾಧಿಯು ಸರಿಪಡಿಸಲಾಗದ್ದೇನೂ ಅಲ್ಲವೆಂದು ಇಲಿಗಳಲ್ಲಿ ಸಾಧಿಸಿ ತೋರಿಸಿದವರು. ಎಪಿಜೆನೆಟಿಕ್ಸ್ ಎಂದು ಇಂದು ಪ್ರಸಿದ್ಧವಾಗಿರುವ ಶಾಸ್ತ್ರದ ತಳಹದಿಯನ್ನು ಹಾಕಿದವರಲ್ಲಿ ಇವರು ಅಗ್ರಗಣ್ಯರು.

ಸಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಎಡಿನ್‌ಬರೋದಲ್ಲಿ ಮ್ಯಾಕ್ಸ್ ಬರ್ನ್‌ಸ್ಟೀಲ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದ ತರುವಾಯ, ಯೇಲ್ ಮತ್ತು ಜ್ಯೂರಿಕ್‌ಗಳಲ್ಲಿ ಕೆಲಕಾಲ ಕಳೆದು, ಮರಳಿ ಎಡಿನ್‌ಬರೋಗೆ ಬಂದು, ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯವರು ಸಸ್ತನಿಗಳ ಜೀನೋಮಿನ ಅಧ್ಯಯನಕ್ಕಾಗಿ ಅಲ್ಲಿ ಸ್ಥಾಪಿಸಿದ್ದ ಘಟಕವನ್ನು ಸೇರಿದರು. ನಡುವೆ ವಿಯೆನ್ನಾದಲ್ಲಿ ಕಳೆದ ಮೂರು ವರ್ಷಗಳನ್ನು ಬಿಟ್ಟರೆ ಇವರ ಕಾರ್ಯಕ್ಷೇತ್ರ ಎಡಿನ್‌ಬರೋವೇ. 1990ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಬ್ಯೂಕ್ಯಾನನ್ ತಳಿವಿಜ್ಞಾನ ಪೀಠಕ್ಕೆ ನಿಯುಕ್ತರಾದರು. ಎಪಿಜೆನೆಟಿಕ್ಸ್ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದ ಕಾನ್ರಾಡ್ ವ್ಯಾಡಿಂಗ್ಟನ್ ಅವರೂ ಹಿಂದೆ ಇದೇ ಪೀಠವನ್ನು ಅಲಂಕರಿಸಿದ್ದರೆಂಬುದು ಇಲ್ಲಿ ಸ್ಮರಣೀಯ.

ಒಂದೇ ದೇಹದ ಪಿತ್ತಜನಕಾಂಗದ ಕೋಶಕ್ಕೂ ಮಿದುಳಿನ ಕೋಶಕ್ಕೂ ಡಿಎನ್‌ಎ ಒಂದೇ ಆಗಿದ್ದರೂ ಅವುಗಳ ಸ್ವಭಾವ ಬೇರೆ ಬೇರೆಯಾಗಿರುವುದು ಹೇಗೆ, ಒಮ್ಮೆ ನಿರ್ಧಾರವಾದ ಆ ಸ್ವಭಾವವು ಕೋಶವಿಭಜನೆಯಲ್ಲಿ ಮಗಳುಕೋಶಗಳಿಗೆ ಇಳಿದುಬರುವುದು ಹೇಗೆ ಎಂಬ ಪ್ರಶ್ನೆಗೆ 1975ರಲ್ಲಿ ಇಂಗ್ಲೆಂಡಿನ ರಾಬಿನ್ ಹಾಲಿಡೇ ಮತ್ತು ಜಾನ್ ಪ್ಯೂ, ಅಮೆರಿಕದ ಆರ್ಥರ್ ರಿಗ್ಸ್, ಪರಸ್ಪರ ಸಂಪರ್ಕವಿಲ್ಲದೆಯೇ, ಒಂದೇ ಬಗೆಯ ಉತ್ತರವನ್ನು ಊಹಿಸಿದರು. ಡಿಎನ್‌ಎಯ ನಾಲ್ಕು ಕ್ಷಾರಗಳಲ್ಲಿ ಒಂದಾದ ಸೈಟೊಸೀನಿಗೆ ಅಂಟಿಕೊಳ್ಳುವ ಮೀಥೈಲ್ ಗುಂಪೇ, ಅಂದರೆ ಒಂದು ಇಂಗಾಲ ಮತ್ತು ಮೂರು ಜಲಜನಕ ಪರಮಾಣುಗಳ ಆ ಚಿಕ್ಕ ತುಣುಕೇ, ಈ ಸ್ಮೃತಿಯ ವಾಹಕವಾಗಿರಬಹುದೆಂಬುದು ಅವರ ತರ್ಕ. ಆದರೆ ತರ್ಕವನ್ನು ಪರೀಕ್ಷೆಗೆ ಒಡ್ಡುವ ಉಪಾಯ ಆಗ ಸುಲಭಸಾಧ್ಯವಾಗಿರಲಿಲ್ಲ.

ಆ ಉಪಾಯವನ್ನು ಬರ್ಡ್ ಅವರು ಸಹೋದ್ಯೋಗಿ ಎಡ್ವಿನ್ ಸದರ್ನ್ ಅವರೊಡಗೂಡಿ ಬ್ಯಾಕ್ಟೀರಿಯಗಳ ಕತ್ತರಿಕಿಣ್ವಗಳಲ್ಲಿ ಕಂಡುಕೊಂಡರು. ಇಂಥ ವಿಧಾನದ ಸೊಗಸೆಲ್ಲ ಇರುವುದು ಅದರ ಸರಳತೆಯಲ್ಲಿ. ಹೆಚ್‌ಪಿಎ-2 ಎಂಬ ಕಿಣ್ವವು ಸಿಸಿಜಿಜಿ ಎಂಬ ನಾಲ್ಕಕ್ಷರದ ಕ್ರಮ ಬಂದಲ್ಲೆಲ್ಲ ಡಿಎನ್‌ಎಯನ್ನು ತುಂಡರಿಸುತ್ತದೆಯಾದರೂ, ಅಲ್ಲಿನ ಎರಡನೆಯ ಸೈಟೊಸೀನಿಗೆ ಮೀಥೈಲ್ ಅಂಟಿದ್ದರೆ ಕೈಚೆಲ್ಲುತ್ತದೆ. ಎಂಎಸ್‌ಪಿ-1 ಎಂಬ ಇನ್ನೊಂದು ಕಿಣ್ವ ಅದೇ ಸ್ಥಳವನ್ನು ಆ ಮೀಥೈಲ್ ಇದ್ದರೂ ಇಲ್ಲದಿದ್ದರೂ ಕತ್ತರಿಸುತ್ತದೆ. ಒಂದೇ ಡಿಎನ್‌ಎಯನ್ನು ಎರಡು ನಳಿಕೆಗಳಿಗೆ ಹಂಚಿ, ಒಂದೊಂದಕ್ಕೆ ಒಂದೊಂದು ಕಿಣ್ವವನ್ನು ಬೆರೆಸಿ, ಬಂದ ತುಣುಕುಗಳ ಉದ್ದವನ್ನು ಅಕ್ಕಪಕ್ಕದಲ್ಲಿ ಹೋಲಿಸಿದರೆ ಮೀಥೈಲ್ ಇರುವ ಜಾಗ ತಾನಾಗಿ ಹೊರಬೀಳುತ್ತದೆ. ಆಫ್ರಿಕದ ಕ್ಸೆನೋಪಸ್ ಕಪ್ಪೆಯ ಡಿಎನ್‌ಎಯನ್ನು ಇಂಥ ಕಿಣ್ವಗಳಿಂದ ಪರಿಶೀಲಿಸಿ 1978ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳಲ್ಲಿ, ಡಿಎನ್‌ಎಯ ಒಂದು ಎಳೆಯಲ್ಲಿ ಗುರುತಿದ್ದರೆ ಎದುರಿನ ಎಳೆಯಲ್ಲೂ ಸರಿಸಮವಾಗಿ ಇರುತ್ತದೆಂದೂ, ಆದುದರಿಂದ ಎಳೆಗಳು ಬೇರ್ಪಟ್ಟು ನಕಲಾಗುವಾಗ ಹಳೆಯ ಎಳೆಯ ಗುರುತನ್ನು ನೋಡಿಕೊಂಡು ಹೊಸತರ ಮೇಲೆ ಗುರುತಿಡುವುದು ಸಾಧ್ಯವೆಂದೂ ಇವರು ತೋರಿಸಿದರು. ಹಾಲಿಡೇ ಮತ್ತು ರಿಗ್ಸ್ ಅವರ ಊಹೆಗೆ ದೊರೆತ ಮೊದಲ ಗಟ್ಟಿ ಆಧಾರಗಳಲ್ಲಿ ಇದೂ ಒಂದು.

ಸಸ್ತನಿಗಳಲ್ಲಿ ಮೀಥೈಲ್ ಅಂಟುವುದು ಬಹುಪಾಲು ಸೈಟೊಸೀನಿನ ಮುಂದೆಯೇ ಗ್ವಾನೀನ್ ಬರುವ ಸಿಪಿಜಿ ಎಂಬ ಜೋಡಿಯಲ್ಲಿ. ಲೆಕ್ಕದ ಪ್ರಕಾರ ಇರಬೇಕಾದ ಇಂಥ ಜೋಡಿಗಳಲ್ಲಿ ಐದನೆಯ ಒಂದು ಪಾಲಿನಷ್ಟು ಮಾತ್ರವೇ ನಮ್ಮ ಜೀನೋಮಿನಲ್ಲಿ ಉಳಿದಿವೆ. ಸಾಮಾನ್ಯ ಸೈಟೊಸೀನ್ ಕೆಟ್ಟರೆ ಯುರಾಸಿಲ್ ಆಗುತ್ತದೆ. ಅದು ಡಿಎನ್‌ಎಗೆ ಸೇರಿದ್ದಲ್ಲವಾದ್ದರಿಂದ ಕೋಶವು ಗುರುತಿಸಿ ತೆಗೆದುಹಾಕುತ್ತದೆ. ಮೀಥೈಲ್ ಹೊತ್ತ ಸೈಟೊಸೀನ್ ಕೆಟ್ಟರಾದರೋ ಥೈಮೀನ್ ಆಗಿ, ಸಹಜ ಅಕ್ಷರದಂತೆಯೇ ಕಾಣುವುದರಿಂದ, ಹಲವೊಮ್ಮೆ ತಪ್ಪಾಗಿಯೇ ಉಳಿದುಬಿಡುತ್ತದೆ. ಸಿಪಿಜಿಗಳ ಕೊರತೆಗೂ ಮೀಥೈಲೀಕರಣಕ್ಕೂ ಇರುವ ಈ ಸಂಬಂಧವನ್ನು ಬರ್ಡ್ ಅವರು 1980ರಲ್ಲಿ ಪ್ರಾಣಿವರ್ಗಗಳ ಡಿಎನ್‌ಎಗಳನ್ನು ತುಲನೆಮಾಡಿ ಪ್ರತಿಪಾದಿಸಿದರು. ಹೀಗೆ ಸಿಪಿಜಿಗಳು ಬಹುಮಟ್ಟಿಗೆ ಕ್ಷಯಿಸಿಹೋದ ಜೀನೋಮಿನ ನಡುವೆ ಅಲ್ಲಲ್ಲಿ, ಸುಮಾರು ಸಾವಿರ ಅಕ್ಷರಗಳಷ್ಟು ಉದ್ದಕ್ಕೆ, ಅವು ದಟ್ಟವಾಗಿ ಉಳಿದುಕೊಂಡಿರುವ, ಮೀಥೈಲ್ ಸೋಕದ ಪ್ರದೇಶಗಳಿವೆಯೆಂದು 1985ರಲ್ಲಿ ಇವರ ತಂಡ ಇಲಿಯ ಡಿಎನ್‌ಎಯಲ್ಲಿ ಸ್ಥಾಪಿಸಿತು. ಇವೇ ಸಿಪಿಜಿ ದ್ವೀಪಗಳು. ಮಾನವನ ಜೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಆರಂಭಸ್ಥಾನ ಇಂಥ ದ್ವೀಪದಲ್ಲಿಯೇ ಇರುವುದರಿಂದ, ಜೀನೋಮಿನ ಸಂಪೂರ್ಣ ಪಾಠ ಇನ್ನೂ ಕೈಗೆ ಬಾರದಿದ್ದ ಆ ದಿನಗಳಲ್ಲಿ ಜೀನುಗಳನ್ನು ಅರಸುತ್ತಿದ್ದವರಿಗೆ ಇವು ದಾರಿಗುರುತುಗಳಾದವು.

1987ರಲ್ಲಿ ಬರ್ಡ್ ಅವರು, ತಮ್ಮ ಹಳೆಯ ಗುರು ಬರ್ನ್‌ಸ್ಟೀಲ್ ಅವರ ನೇತೃತ್ವದಲ್ಲಿ ಹೊಸತಾಗಿ ಆರಂಭವಾಗಿದ್ದ ವಿಯೆನ್ನಾದ ಸಂಶೋಧನ ಸಂಸ್ಥೆಗೆ ತೆರಳಿದರು. ಮೀಥೈಲ್ ಗುರುತನ್ನು ಕೋಶವು ಓದುವುದು ಯಾವುದರಿಂದ ಎಂಬ ಪ್ರಶ್ನೆ ಆ ಕಾಲದ್ದು. ಮೀಥೈಲ್ ಹೊತ್ತ ಡಿಎನ್‌ಎಗೆ ಮಾತ್ರ ಅಂಟುವ ಪ್ರೋಟೀನುಗಳಿಗಾಗಿ ನಡೆದ ಶೋಧನೆಯಲ್ಲಿ 1989ರಲ್ಲಿ ಮೆಕ್‌ಪಿ-1, 1992ರಲ್ಲಿ ಮೆಕ್‌ಪಿ-2 ಬೆಳಕಿಗೆ ಬಂದವು. ಎರಡನೆಯದು, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳ ಅಸಿಟೈಲ್ ಗುಂಪುಗಳನ್ನು ಕಿತ್ತುಹಾಕುವ ಕಿಣ್ವಸಮೂಹವನ್ನು ಡಿಎನ್‌ಎಯ ಬಳಿಗೆ ಕರೆತಂದು ಜೀನಿನ ಅಭಿವ್ಯಕ್ತಿಯನ್ನು ತಡೆಯುತ್ತದೆಂದು 1998ರಲ್ಲಿ ತಿಳಿದುಬಂದಾಗ, ಅದುವರೆಗೆ ಬೇರೆ ಬೇರೆಯಾಗಿ ಸಾಗಿದ್ದ ಡಿಎನ್‌ಎ ಮೀಥೈಲೀಕರಣದ ಅಧ್ಯಯನವೂ ಹಿಸ್ಟೋನುಗಳ ಅಧ್ಯಯನವೂ ಒಂದೆಡೆ ಕೂಡಿಕೊಂಡವು.

ಮರುವರ್ಷವೇ ಈ ಶುದ್ಧ ರಸಾಯನದ ವಿಷಯ ವೈದ್ಯಶಾಸ್ತ್ರಕ್ಕೆ ಸೇರಿಹೋಯಿತು. ರೆಟ್ ಸಿಂಡ್ರೋಮ್ ಎಂಬ ವ್ಯಾಧಿಗೆ ಮೆಕ್‌ಪಿ-2ರ ಜೀನಿನಲ್ಲಿ ತಲೆದೋರುವ ದೋಷಗಳೇ ಕಾರಣವೆಂದು ಅಮೆರಿಕದ ಹ್ಯೂಸ್ಟನ್ನಿನಲ್ಲಿ ಹುಡಾ ಝೋಗ್ಬಿ ಅವರ ತಂಡ 1999ರಲ್ಲಿ ಕಂಡುಹಿಡಿಯಿತು. ಈ ವ್ಯಾಧಿಯನ್ನು 1966ರಲ್ಲಿ ಮೊದಲು ವರ್ಣಿಸಿದ ಆಂಡ್ರಿಯಾಸ್ ರೆಟ್ ವಿಯೆನ್ನಾದವರೇ ಎಂಬುದು ಕೇವಲ ಕಾಕತಾಳೀಯ. ಇದು ಬಹುತೇಕ ಹೆಣ್ಣುಮಕ್ಕಳಿಗೆ, ಸುಮಾರು ಹತ್ತು ಸಾವಿರಕ್ಕೊಬ್ಬರಿಗೆ, ತಗಲುವಂಥದು. ಹುಟ್ಟಿನಿಂದ ಆರು ತಿಂಗಳೋ ಒಂದೂವರೆ ವರ್ಷವೋ ಎಲ್ಲರಂತೆಯೇ ಬೆಳೆದ ಮಗು ಕಲಿತ ಮಾತನ್ನು ಮರೆತು, ಆಟಿಕೆ ಹಿಡಿಯುತ್ತಿದ್ದ ಕೈಗಳನ್ನು ಬಟ್ಟೆ ಹಿಂಡುವವರಂತೆ ಸದಾ ಹೊಸೆಯತೊಡಗುತ್ತದೆ. ನಡಿಗೆ ತಪ್ಪುತ್ತದೆ, ಉಸಿರಾಟದ ಲಯ ಕೆಡುತ್ತದೆ.

2001ರಲ್ಲಿ ಬರ್ಡ್ ಅವರ ಪ್ರಯೋಗಾಲಯವು ಈ ಜೀನಿಲ್ಲದ ಇಲಿಗಳನ್ನು ಸಿದ್ಧಪಡಿಸಿತು. ಅದೇ ವರ್ಷ ಅಮೆರಿಕದಲ್ಲಿ ರುಡಾಲ್ಫ್ ಯೇನಿಷ್ ಅವರ ಗುಂಪು ಕೂಡ ಇದನ್ನೇ ಮಾಡಿತ್ತು. ಆದರೆ 2007ರಲ್ಲಿ ಜ್ಯಾಕಿ ಗೈ ಮೊದಲಾದ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಯೋಗಕ್ಕೆ ಸಮನಾದದ್ದು ಇವರ ಜೀವಮಾನದ ಕಾರ್ಯದಲ್ಲಿ ಇನ್ನೊಂದಿಲ್ಲವೆಂದೇ ಹೇಳಬೇಕು. ಮೆಕ್‌ಪಿ-2ರ ಜೀನಿನೊಳಗೆ ಒಂದು ತಡೆಯನ್ನು ಸೇರಿಸಿ, ಟ್ಯಾಮಾಕ್ಸಿಫೆನ್ ಎಂಬ ಔಷಧ ಕೊಟ್ಟಾಗ ಮಾತ್ರ ಆ ತಡೆ ಕಳಚಿಕೊಳ್ಳುವಂತೆ ಏರ್ಪಡಿಸಿ, ರೋಗವು ಬಲಿತು ಇಲಿಗಳು ನಡುಗುತ್ತ, ನಡೆಯಲಾರದೆ, ಏದುತ್ತ ಮರಣೋನ್ಮುಖವಾಗಿದ್ದಾಗ ಔಷಧವನ್ನು ಕೊಡಲಾಯಿತು. ಕೆಲವು ವಾರಗಳಲ್ಲಿ ಅವು ಬಹುಮಟ್ಟಿಗೆ ಆರೋಗ್ಯವಂತ ಇಲಿಗಳಂತೆ ಓಡಾಡತೊಡಗಿದವು. ಬೆಳವಣಿಗೆಯ ಕಾಲದಲ್ಲಿ ಕೆಟ್ಟ ಮಿದುಳನ್ನು ಅನಂತರ ದುರಸ್ತಿಮಾಡುವಂತಿಲ್ಲವೆಂಬ ಬಲವಾದ ನಂಬಿಕೆಗೆ ಇದರಿಂದ ದೊಡ್ಡ ಪೆಟ್ಟು ಬಿದ್ದಿತು.

ತಮ್ಮ ವಿಷಯದ ಮಹತ್ತ್ವವನ್ನು ಉತ್ಪ್ರೇಕ್ಷಿಸದಿರುವುದು ಬರ್ಡ್ ಅವರ ವೈಶಿಷ್ಟ್ಯ. ಎಪಿಜೆನೆಟಿಕ್ಸಿನ ಹೆಸರಿನಲ್ಲಿ ತಂದೆತಾಯಿಯರ ಆಹಾರವಿಹಾರಗಳ ಫಲವೆಲ್ಲ ಮಕ್ಕಳಿಗೆ ಇಳಿಯುತ್ತದೆಂಬಂಥ ಮಾತುಗಳು ಜನಪ್ರಿಯವಾಗುತ್ತಿದ್ದ ಕಾಲದಲ್ಲಿ, ಇವರು 2007ರ ಲೇಖನವೊಂದರಲ್ಲಿ ಈ ಶಾಸ್ತ್ರದ ವ್ಯಾಪ್ತಿಯನ್ನು ವರ್ಣತಂತುಗಳ ಪ್ರದೇಶಗಳು ತಮ್ಮ ಚಟುವಟಿಕೆಯ ಸ್ಥಿತಿಯನ್ನು ದಾಖಲಿಸುವ, ಸೂಚಿಸುವ ಅಥವಾ ಮುಂದುವರಿಸುವ ರಚನಾತ್ಮಕ ಹೊಂದಾಣಿಕೆಗೆ ಸೀಮಿತಗೊಳಿಸಿದರು. ಮೀಥೈಲೀಕರಣದ ಪಾತ್ರವೂ, ಅನೇಕ ಸಂದರ್ಭಗಳಲ್ಲಿ, ಆಗಲೇ ಮುಚ್ಚಿದ ಬಾಗಿಲಿಗೆ ಬೀಗ ಜಡಿಯುವಷ್ಟರದೇ ಎಂಬುದು ಇವರ ಮತ.

1989ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 2011ರಲ್ಲಿ ಕೆನಡದ ಗೇರ್ಡ್ನರ್ ಪ್ರಶಸ್ತಿ, 2014ರಲ್ಲಿ ನೈಟ್ ಪದವಿ, ಝೋಗ್ಬಿ ಅವರೊಡನೆ ಹಂಚಿಕೊಂಡ 2016ರ ಶಾ ಪ್ರಶಸ್ತಿ ಮತ್ತು 2020ರ ಬ್ರೇನ್ ಪ್ರಶಸ್ತಿ ಇವರಿಗೆ ಸಂದ ಗೌರವಗಳಲ್ಲಿ ಮುಖ್ಯವಾದವು. ಮೆಕ್‌ಪಿ-2ರ ಮೂರನೆಯ ಒಂದು ಪಾಲಿನಷ್ಟನ್ನು ಉಳಿಸಿಕೊಂಡ ಮೊಟಕು ಪ್ರೋಟೀನು ಕೂಡ ಇಲಿಗಳನ್ನು ರೋಗಲಕ್ಷಣಗಳಿಂದ ಬಹುಮಟ್ಟಿಗೆ ಪಾರುಮಾಡುತ್ತದೆಂದು ಇವರ ತಂಡ 2017ರಲ್ಲಿ ಪ್ರಕಟಿಸಿತು. ಜೀನನ್ನು ಕೋಶಗಳಿಗೆ ಒಯ್ಯಲು ಚಿಕಿತ್ಸೆಯಲ್ಲಿ ಬಳಸುವ ನಿರುಪದ್ರವಿ ವೈರಸಿನಲ್ಲಿ ತುಂಬಬಹುದಾದ ಡಿಎನ್‌ಎಯ ಪ್ರಮಾಣ ಅಲ್ಪವಾದ್ದರಿಂದ ಈ ಫಲಿತಾಂಶಕ್ಕೆ ಬೆಲೆಯುಂಟು. ಆದಾಗ್ಯೂ ಇದೇ ಪ್ರೋಟೀನು ಮಿತಿಮೀರಿದರೂ ಮಿದುಳಿಗೆ ಹಾನಿಯೇ. ಜೀನಿನ ಹೆಚ್ಚುವರಿ ಪ್ರತಿಯಿಂದ ಬಳಲುವ ಮಕ್ಕಳೂ ಇದ್ದಾರೆ. ಪ್ರಮಾಣದ ಈ ತೊಡಕನ್ನು ನಿವಾರಿಸಲು ಬೇರೆ ಬೇರೆ ಉಪಾಯಗಳನ್ನು ಅಳವಡಿಸಿಕೊಂಡ ಜೀನ್‌ಚಿಕಿತ್ಸೆಗಳನ್ನು ರೆಟ್ ರೋಗಿಗಳ ಮೇಲೆ ಪರೀಕ್ಷಿಸುವ ಕಾರ್ಯ 2023ರಲ್ಲಿ ಉತ್ತರ ಅಮೆರಿಕದಲ್ಲಿ ಆರಂಭವಾಯಿತು.