ಬಾಬಯ್ಯ ಮೊದಲು, ಪುಸ್ತಕ ಆಮೇಲೆ: ಶಿರಾ ಸೀಮೆಯಲ್ಲಿ ಇಸ್ಲಾಂ

ಶಿರಾದ ಜುಮ್ಮಾ ಮಸೀದಿ ಎದ್ದದ್ದು 1696ರಲ್ಲಿ. ಇಸ್ಲಾಮಿನ ವಿಚಾರಗಳನ್ನು ಕನ್ನಡದಲ್ಲಿ ಹೇಳುವ ‘ಸನ್ಮಾರ್ಗ’ ವಾರಪತ್ರಿಕೆ ಮಂಗಳೂರಿನಲ್ಲಿ ಶುರುವಾದದ್ದು 1978ರಲ್ಲಿ. ನಡುವಿನ ಸುಮಾರು ಮುನ್ನೂರು ವರ್ಷ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ರೈತಾಪಿ ಜನ ಈ ಧರ್ಮವನ್ನು ಕಲ್ಲುಕಟ್ಟಡ ನೋಡಿ, ದರ್ಗಾದಲ್ಲಿ ಸಕ್ಕರೆ ಓದಿಸಿ, ಬಾಬಯ್ಯನ ಹಬ್ಬವೆಂಬ ಮೊಹರಂನಲ್ಲಿ ಬೆಂಕಿಕೊಂಡದ ಸುತ್ತ ಹೆಜ್ಜೆ ಹಾಕಿ ತಿಳಿದುಕೊಂಡರು. ನಂಬಿಕೆಯ ವಿವರಣೆ ಕೊನೆಗೆ ಬಂತು. ಈಗಿನ ಎಷ್ಟೋ ಗೊಂದಲಗಳ ಬೇರು ಈ ಹಿಂದುಮುಂದಿನಲ್ಲೇ ಇದೆ.

ಕಥೆ ಶುರುವಾಗುವುದು ರಾಜಕಾರಣದಿಂದ. ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕ ಶಿರಾ ಕೋಟೆಗೆ ಕೈ ಹಾಕಿದ. ಅದು ಪೂರ್ತಿಯಾಗುವ ಮೊದಲೇ, 1638ರ ಸುಮಾರಿಗೆ, ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಊರು ಹಿಡಿದ. ಆದಿಲ್‌ಶಾಹಿಗಳ ಪರವಾಗಿ ಇಲ್ಲಿ ಆಡಳಿತ ನಡೆಸಿದ ಮಲಿಕ್ ರಿಹಾನ್ 1651ರಲ್ಲಿ ತೀರಿಕೊಂಡ. 1687ರಲ್ಲಿ ಮೊಘಲರ ಸರದಿ: ಖಾಸಿಂ ಖಾನ್ ಸುಬೇದಾರನಾದ, ಶಿರಾ ಒಂದು ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿಯಾಯಿತು. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡ ಎಲ್ಲವೂ ಅದರ ಪರಗಣೆಗಳು. ದಿಲಾವರ್ ಖಾನನ ಕಾಲಕ್ಕೆ ಇಲ್ಲಿ 50,000 ಮನೆಗಳಿದ್ದವೆಂಬ ಮಾತು ಗೆಜೆಟಿಯರುಗಳಲ್ಲಿದೆ. ಉಬ್ಬಿಸಿದ್ದನ್ನು ಕಳೆದರೂ ದೊಡ್ಡ ಪಟ್ಟಣವೇ. 1761ರಲ್ಲಿ ಹೈದರಾಲಿಗೆ ಬಸಾಲತ್ ಜಂಗ್ ಕೊಟ್ಟ ಬಿರುದೂ ‘ಶಿರಾದ ನವಾಬ’ ಎಂದೇ. ಆಮೇಲೆ ಮರಾಠರ ದಾಳಿಗಳು. ಅದರ ಮೇಲೆ ಟಿಪ್ಪು 12,000 ಕುಟುಂಬಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಸಾಗಿಸಿದ. ಊರು ಬರಿದಾಯಿತು.

ಸರ್ಕಾರ ಹೋಯಿತು, ಮಸೀದಿ ಉಳಿಯಿತು. ಕೆತ್ತಿದ ಕಲ್ಲಿನ ಈ ಕಟ್ಟಡವನ್ನು ಈಗ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ದೇವಸ್ಥಾನಕ್ಕೆ ಹೋಗಿ ರೂಢಿಯಿದ್ದವರು ಮೊದಲ ಸಲ ಮಸೀದಿಯ ಒಳಗೆ ಕಾಲಿಟ್ಟರೆ ಕಣ್ಣು ಏನನ್ನೋ ಹುಡುಕುತ್ತದೆ. ಗರ್ಭಗುಡಿಯಿಲ್ಲ, ಮೂರ್ತಿಯಿಲ್ಲ. ಪಶ್ಚಿಮದ ಗೋಡೆಯಲ್ಲಿ ಒಂದು ಗೂಡು, ಮಿಹ್ರಾಬ್, ಅದೂ ಖಾಲಿ. ಮಕ್ಕಾ ಯಾವ ದಿಕ್ಕಿಗಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ, ಪಾಲುದಾರರಿಲ್ಲ ಎಂಬ ತೌಹೀದ್ ಇಸ್ಲಾಮಿನ ತಳಪಾಯ. ಅದನ್ನು ವಿವರಿಸುವ ಗ್ರಂಥಗಳಿಗಿಂತ ಆ ಬರಿದಾದ ಗೂಡು ಚುರುಕಾಗಿ ಹೇಳುತ್ತದೆ.

ನಮಾಜಿಗೆ ಮೊದಲು ವುಜೂ, ಅಂದರೆ ಅಂಗಶುದ್ಧಿ: ಮಣಿಕಟ್ಟಿನವರೆಗೆ ಕೈ, ಆಮೇಲೆ ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಲ್ಲಿ ತಲೆ ಸವರಿ ಕೊನೆಗೆ ಕಾಲು. ನೀರೇ ಸಿಗದಿದ್ದರೆ ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಲು ಅವಕಾಶವಿದೆ. ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಬೇಕು. ಮೊದಲು ಬಂದವರಿಗೆ ಮುಂದಿನ ಸಾಲು. ಫಜ್ರ್, ಝುಹರ್, ಅಸರ್, ಮಗ್ರಿಬ್, ಇಶಾ ಎಂದು ದಿನಕ್ಕೆ ಐದು ಹೊತ್ತು. ಕಲಿಮಾ, ನಮಾಜ್, ರೋಜಾ, ಜಕಾತ್, ಹಜ್ ಎಂಬ ಐದು ಕರ್ತವ್ಯಗಳಲ್ಲಿ ಹೊರಗಿನವರ ಕಣ್ಣಿಗೆ ಹೆಚ್ಚು ಬೀಳುವುದು ನಮಾಜು ಮತ್ತು ರಂಜಾನಿನ ರೋಜಾ. ಕಾಣದೆ ನಡೆಯುವುದು ಜಕಾತ್: ಒಂದು ಮಿತಿ ಮೀರಿದ ಉಳಿತಾಯ ವರ್ಷವಿಡೀ ಕೈಯಲ್ಲಿದ್ದರೆ ಅದರ ನೂರಕ್ಕೆ ಎರಡೂವರೆ ಪಾಲು ಬಡವರದ್ದು.

ಬೆಳೆಗೆ ಲೆಕ್ಕ ಬೇರೆ. ಮಳೆ ನಂಬಿ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು ಪಾಲು, ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ಇದು ಉಶ್ರ್. ಖರ್ಚು, ದುಡಿಮೆ ಹೆಚ್ಚಾದಲ್ಲಿ ದಾನದ ಹೊರೆ ಅರ್ಧಕ್ಕಿಳಿಯುತ್ತದೆ. ಕಡಲೆಕಾಯಿ ಬಿತ್ತಿ ಆಕಾಶ ನೋಡುವ, ಬೋರ್‌ವೆಲ್ ಕೊರೆಸಿ ಸಾಲ ತೀರಿಸುವ ಪಾವಗಡದ ರೈತನಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟಾಗ ಬಯಲಲ್ಲಿ ಸೇರಿ ಮಾಡುವ ವಿಶೇಷ ನಮಾಜೂ ಇದೆ, ಇಸ್ತಿಸ್ಕಾ. ಪರಿಸ್ಥಿತಿ ಬದಲಾಗಲಿ ಎಂಬ ಬೇಡಿಕೆಯಾಗಿ ಹೊದ್ದ ಚಾದರವನ್ನು ತಿರುವಿ ಹಾಕಿಕೊಳ್ಳುವುದು ಪ್ರವಾದಿಯವರ ಕಾಲದಿಂದ ಬಂದ ರೀತಿ.

ಆದರೆ ಈ ಶಾಸ್ತ್ರವೆಲ್ಲ ಮಸೀದಿಯ ಒಳಗಿನದು. ಊರಿಗೆ ಧರ್ಮವನ್ನು ತಲುಪಿಸಿದ್ದು ಸೂಫಿಗಳ ಗೋರಿಗಳು. ಶಿರಾದಲ್ಲಿ ಆಡಳಿತಗಾರ ಮಲಿಕ್ ರಿಹಾನನ ಸಮಾಧಿಯೇ ದರ್ಗಾ ಎನಿಸಿತು. ಕಂದಾಯ ವಸೂಲಿಯ ಅಧಿಕಾರಿ ಸತ್ತ ಮೇಲೆ ಹರಕೆ ಕೇಳಿಸಿಕೊಳ್ಳುವವನಾದದ್ದು ಚರಿತ್ರೆಯ ತಮಾಷೆಗಳಲ್ಲೊಂದು. ಪಾವಗಡ, ಮಧುಗಿರಿ ಕಡೆಯವರಿಗೆ ದೊಡ್ಡ ಜಾಗವೆಂದರೆ ಆಂಧ್ರ ಗಡಿಯಾಚೆಯ ಪೆನುಕೊಂಡ. ಅಲ್ಲಿನ ಬಾಬಾ ಫಖ್ರುದ್ದೀನ್ ಇರಾನಿನ ಸೀಸ್ತಾನದ ದೊರೆಯಾಗಿದ್ದು, ಪಟ್ಟ ಬಿಟ್ಟು ತಿರುಚಿರಾಪಳ್ಳಿಯ ನತರ್ ವಲಿಯ ಶಿಷ್ಯರಾದರು ಎನ್ನುತ್ತದೆ ಐತಿಹ್ಯ. ಗುರು ಕೊಟ್ಟ ಹಲ್ಲುಜ್ಜುವ ಕಡ್ಡಿ ಎಲ್ಲಿ ಚಿಗುರುತ್ತದೋ ಅಲ್ಲೇ ನೆಲೆಸಬೇಕಿತ್ತು. ಅದು ಪೆನುಕೊಂಡದಲ್ಲಿ ಚಿಗುರಿತು. ಜನ ಅವರನ್ನು ಬಾಬಯ್ಯ ಸ್ವಾಮಿ ಎಂದೇ ಕರೆಯುತ್ತಾರೆ. ಪಾವಗಡದಲ್ಲಿ ಮನೆಮಾತು ತೆಲುಗಾದವರು ಬಹಳ, ಹಾಗಾಗಿ ಭಾಷೆಯ ತೊಡಕೂ ಇಲ್ಲ.

ಹಳೇ ಮೈಸೂರು ಸೀಮೆಯಲ್ಲಿ ಮೊಹರಂ ಕೂಡ ‘ಬಾಬಯ್ಯನ ಹಬ್ಬ’ವೇ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಹತರಾದ ಶೋಕ ಹಳ್ಳಿಗೆ ಬಂದು ಹಬ್ಬವಾಯಿತು. ಪೆಟ್ಟಿಗೆಯಿಂದ ಅಂಗೈ ಆಕಾರದ ಲೋಹದ ಪಂಜಾಗಳು ಹೊರಬರುತ್ತವೆ. ತೊಳೆದು, ಬಣ್ಣದ ಬಟ್ಟೆ ಉಡಿಸಿ, ಹೂವು ಮುಡಿಸಿ, ಲೋಬಾನದ ಹೊಗೆ ಹಾಕಿ ನಿಲ್ಲಿಸುತ್ತಾರೆ. ಎದುರಿಗೆ ತೋಡಿದ ಗುಂಡಿಯಲ್ಲಿ, ಅಂದರೆ ಕೊಂಡದಲ್ಲಿ, ಸೌದೆ ಉರಿಯುತ್ತದೆ. ತಮಟೆಯ ಪೆಟ್ಟು ಏರಿದಂತೆ ಪಂಜಾ ಹೊತ್ತವರು ಕೆಂಡದ ಬಳಿಗೆ ಬರುತ್ತಾರೆ, ಹರಕೆ ಹೊತ್ತ ಹೆಂಗಸರು ಉಪ್ಪು, ಮೆಣಸು ಎರಚುತ್ತಾರೆ. ಹುಲಿವೇಷದವರು ಬರುತ್ತಾರೆ, ಹರಕೆಯ ಮಕ್ಕಳು ಫಕೀರರಾಗುತ್ತಾರೆ. ಮುಸ್ಲಿಂ ಮನೆ ಒಂದೂ ಇಲ್ಲದ ಊರುಗಳಲ್ಲೂ ಇದು ನಡೆದದ್ದುಂಟು. ಬಾಬಯ್ಯನಿಗೆ ನಡೆದುಕೊಳ್ಳುವ ಒಕ್ಕಲಿಗನಿಗೋ ಕುರುಬನಿಗೋ ತಾನು ಮತ್ತೊಂದು ಧರ್ಮದ ಆಚರಣೆ ಮಾಡುತ್ತಿದ್ದೇನೆಂದು ಅನಿಸಿದ್ದೇ ಕಡಿಮೆ.

ಹತ್ತಿ ಎಕ್ಕುವ ಕಸುಬಿನ ಪಿಂಜಾರರದ್ದೂ ಇಂಥದೇ ಒಳಗೆ-ಹೊರಗಿನ ಬಾಳು. ಮನೆಮಾತು ಕನ್ನಡ ಅಥವಾ ತೆಲುಗು, ನಮಾಜು ಅರಬ್ಬಿಯಲ್ಲಿ. ಪಟ್ಟಣದ ದಖನಿ ಮಾತಿನವರು ಇವರನ್ನು ಪೂರ್ತಿ ತಮ್ಮವರೆಂದುಕೊಂಡದ್ದು ನಿಧಾನವಾಗಿ.

ಸುಧಾರಣೆಯ ಗಾಳಿ ಇಪ್ಪತ್ತನೇ ಶತಮಾನದ್ದು. ಮೇವಾತದಲ್ಲಿ 1926ರ ಸುಮಾರಿಗೆ ಮೌಲಾನಾ ಇಲ್ಯಾಸ್ ಶುರು ಮಾಡಿದ ತಬ್ಲೀಗ್ ಚಳವಳಿ ದೇಶದುದ್ದಕ್ಕೂ ಹರಡಿತು. ಮದ್ರಸಾಗಳಲ್ಲಿ ಕಲಿತ ಮೌಲ್ವಿಗಳು ಊರೂರಿಗೆ ನಮಾಜು ನಡೆಸುವ ಪೇಶ್ ಇಮಾಮರಾಗಿ ಬಂದರು. ಪಂಜಾಕ್ಕೆ ಕೈಮುಗಿಯುವುದು, ಗೋರಿಯಲ್ಲಿ ಬೇಡುವುದು ತೌಹೀದಿಗೆ ಹೊಂದುವುದಿಲ್ಲ ಎಂದರು. ದರ್ಗಾಗಳ ಉರುಸು, ಸಂದಲ್, ಫಾತೆಹಾ ಆಚರಣೆಗಳನ್ನು ಸಮರ್ಥಿಸುವ ಬರೇಲ್ವಿ ವಿದ್ವಾಂಸರು ಇದನ್ನು ಒಪ್ಪಲಿಲ್ಲ: ವಲಿಯನ್ನು, ಅಂದರೆ ಸಂತರನ್ನು, ಪೂಜಿಸುತ್ತಿಲ್ಲ, ಅವರ ಮೂಲಕ ದೇವರನ್ನೇ ಬೇಡುತ್ತಿದ್ದೇವೆ ಎಂಬುದು ಅವರ ವಾದ. ಸುಧಾರಕರನ್ನು ಬರಿ ಮಡಿವಂತರೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಆ ಖಾಲಿ ಮಿಹ್ರಾಬಿನ ತರ್ಕ ಅವರ ಬೆನ್ನಿಗಿದೆ. ಹಾಗೆಯೇ ಬಾಬಯ್ಯನನ್ನು ಕಳೆದುಕೊಂಡ ಹಳ್ಳಿ ನೆರೆಯವರ ಧರ್ಮದೊಡನೆ ತನಗಿದ್ದ ಒಂದೇ ದಾರಿಯನ್ನು ಕಳೆದುಕೊಂಡಿತೆಂಬುದೂ ನಿಜ.

ಆ ಜಾಗ ತುಂಬಲು ಬಂದದ್ದು ಕನ್ನಡದ ಪುಸ್ತಕ. ಶಾಂತಿ ಪ್ರಕಾಶನ ಕುರ್‌ಆನಿನ ಅನುವಾದವನ್ನೂ ಪ್ರವಾದಿಯವರ ಜೀವನ ಕುರಿತ ಕಿರುಹೊತ್ತಗೆಗಳನ್ನೂ ತಂದಿತು. ಅಬ್ದುಸ್ಸಲಾಮ್ ಪುತ್ತಿಗೆ ಕುರ್‌ಆನನ್ನು ಸರಳ ಗದ್ಯಕ್ಕೆ ಇಳಿಸಿದರು. ಬೊಳುವಾರು ಮಹಮದ್ ಕುಂಞಿ ‘ಓದಿರಿ’ಯಲ್ಲಿ ಪ್ರವಾದಿಯವರ ಬದುಕನ್ನು ಕಾದಂಬರಿಯಾಗಿಸಿದರು. ಹೆಚ್ಚಿನವು ಕರಾವಳಿಯ ಕೊಡುಗೆ. ಅಲ್ಲಿನ ಬ್ಯಾರಿ ಮುಸ್ಲಿಮರು ಶಾಫಿ ಪಂಥದವರು, ಶಿರಾ ಕಡೆಯವರು ಹನಫಿಗಳು; ನಮಾಜಿನ ಸಣ್ಣಪುಟ್ಟ ವಿವರಗಳಲ್ಲಿ ವ್ಯತ್ಯಾಸವಿದೆ. ಬಯಲುಸೀಮೆಯ ಅನುಭವಕ್ಕೆ ಹತ್ತಿರದ ಕೆಲಸ ರಹಮತ್ ತರೀಕೆರೆಯವರದು. ‘ಕರ್ನಾಟಕದ ಸೂಫಿಗಳು’ (1998) ಮತ್ತು ಮೊಹರಂ ಕುರಿತ ಅವರ ಅಧ್ಯಯನ ಊರೂರು ಸುತ್ತಿ ಬರೆದಂಥವು. ಅವು ಪುಸ್ತಕದ ಧರ್ಮಕ್ಕೂ ಕೊಂಡದ ಧರ್ಮಕ್ಕೂ ಇರುವ ಜಗಳವನ್ನು ಮುಚ್ಚಿಡುವುದಿಲ್ಲ.

ಈಚೆಗೆ ರಾಜ್ಯದ ಹಲವು ಊರುಗಳಲ್ಲಿ ‘ಮಸೀದಿ ದರ್ಶನ’ ಕಾರ್ಯಕ್ರಮಗಳು ನಡೆಯುತ್ತಿವೆ. ಅನ್ಯಧರ್ಮೀಯರನ್ನು ಒಳಗೆ ಕರೆದು ವುಜೂ, ನಮಾಜು, ಆಜಾನಿನ ಅರ್ಥವನ್ನು ಕನ್ನಡದಲ್ಲಿ ಹೇಳುತ್ತಾರೆ. ಶುಕ್ರವಾರದ ಪ್ರವಚನವಾದ ಖುತ್ಬಾ ಮಾತ್ರ ಹೆಚ್ಚಿನ ಕಡೆ ಅರಬ್ಬಿಯಲ್ಲೇ ಸಾಗುತ್ತದೆ. ಅದಕ್ಕೆ ಮುಂಚಿನ ಭಾಷಣ, ಬಯಾನ್, ಬಯಲುಸೀಮೆಯ ಪಟ್ಟಣಗಳಲ್ಲಿ ಹೆಚ್ಚಾಗಿ ಉರ್ದುವಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿ ಉರ್ದು ಲಿಪಿ ಬಾರದ ಹುಡುಗರು ಧರ್ಮದ ಸಂಗತಿ ತಿಳಿಯಲು ಈಗ ಹಿಡಿಯುವುದು ಕನ್ನಡ ಅನುವಾದವನ್ನೇ, ಇಲ್ಲವೇ ಮೊಬೈಲಿನ ಕನ್ನಡ ಪ್ರವಚನವನ್ನು.